ಡಾಬಕಾದ ಕೀಲಿಕೈ

ನಲಿನಿಯ ಬ್ಲಾಗಿಗೆ ಒಂದು ಕಾಲದಲ್ಲಿ ಹನ್ನೊಂದು ಜನ ಓದುಗರಿದ್ದರು. ಹನ್ನೊಂದೇನಾ ಎಂದು ಮೂಗು ಮುರಿಯಬೇಡಿ. ಬೀದರಿನ ಚೌಬಾರಾ ಗೋಪುರದ ಹಿಂದಿನ ಓಣಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದ ಹೊಸ ಮದುವೆಯ ಹುಡುಗಿಯೊಬ್ಬಳು ಬರೆದದ್ದನ್ನು ಹನ್ನೊಂದು ಜನ ಓದುವುದೆಂದರೆ ಸಣ್ಣ ಮಾತಲ್ಲ. ಅವರಲ್ಲಿ ಇಬ್ಬರು ದುಬೈಯಲ್ಲಿದ್ದರು. ಇನ್ನೊಬ್ಬರು ಏನು ಬರೆದರೂ ‘ಸೂಪರ್ ಮೇಡಂ’ ಎಂದಷ್ಟೇ ಹಾಕುತ್ತಿದ್ದರು. ಅವರು ಓದುತ್ತಿದ್ದರೋ ಇಲ್ಲವೋ ದೇವರೇ ಬಲ್ಲ.

ಬ್ಲಾಗಿನ ಹೆಸರು ‘ಬೆಳಗಿನ ಫೋನು’. ಆಗ ಮನೆಯಲ್ಲಿದ್ದದ್ದು ಒಂದೇ ಮೊಬೈಲು, ಅದು ಗಂಡ ಭಾಲಚಂದ್ರನದು. ಬೆಳಿಗ್ಗೆ ಆರೂವರೆಗೆ ಅವನು ಸ್ನಾನಕ್ಕೆ ಹೋದ ಕೂಡಲೇ ಭಾಲ್ಕಿಯಿಂದ ಅವಳ ತಾಯಿ ಭಾಗೀರಥಿಬಾಯಿಯ ಮಿಸ್ಡ್ ಕಾಲ್ ಬರುತ್ತಿತ್ತು. ನಲಿನಿ ತಿರುಗಿ ಮಾಡುತ್ತಿದ್ದಳು. ಗಂಡ ಮೈ ಒರೆಸಿಕೊಂಡು ಬರುವ ತನಕ, ಇಪ್ಪತ್ತು ನಿಮಿಷ, ಆ ಫೋನು ಅವಳದ್ದು. ಅಷ್ಟರಲ್ಲೇ ಅವ್ವ ಇಡೀ ಭಾಲ್ಕಿಯನ್ನು ಅವಳ ಕಿವಿಗೆ ತುಂಬುತ್ತಿದ್ದಳು. ನಳಕ್ಕೆ ನೀರು ಬಂದದ್ದು, ಬೇಳೆ ಬೇಯದೇ ಇದ್ದದ್ದು, ಯಾರದೋ ಸೊಸೆ ಸ್ಕೂಟರ್ ಕಲಿತದ್ದು, ನಿನ್ನೆ ಬಿದ್ದ ಕನಸು, ಎಲ್ಲ.

ಶನಿವಾರ ಮಧ್ಯಾಹ್ನ ನಲಿನಿ ಜಾವೀದನ ನೆಟ್ ಕೆಫೆಗೆ ಹೋಗುತ್ತಿದ್ದಳು. ಹೆಣ್ಣುಮಕ್ಕಳಿಗೆಂದು ಅವನು ಮೂಲೆಯ ಕಂಪ್ಯೂಟರಿಗೆ ಹೂವಿನ ಚಿತ್ರದ ಪರದೆ ಕಟ್ಟಿದ್ದ. ಅದರ ಹಿಂದೆ ಕೂತು ವಾರದ ಮಾತನ್ನೆಲ್ಲ ಅವ್ವ ಅಂದ ಹಾಗೆಯೇ ಟೈಪು ಮಾಡುತ್ತಿದ್ದಳು. ಕೊನೆಗೆ ಮಾತ್ರ, ಓದುವವರ ಮನಸ್ಸಿಗೆ ಹಿತವಾಗಲಿ ಎಂದು, ಅವ್ವನ ಬಾಯಲ್ಲಿ ತನ್ನದೊಂದು ಸಾಲು ಇಡುತ್ತಿದ್ದಳು. ‘ನಿಮ್ಮ ತಾಯಿ ಎಷ್ಟು ದೊಡ್ಡ ಮನಸ್ಸಿನವರು’ ಎಂದು ದುಬೈಯವರು ಬರೆಯುತ್ತಿದ್ದರು. ಅದನ್ನು ಓದಿ ನಲಿನಿ ಹಿಗ್ಗುತ್ತಿದ್ದಳು.

ಮೂರು ವರ್ಷ ಹೀಗೆ ನಡೆಯಿತು. ಆಮೇಲೊಂದು ದಿನ ‘ಭಾಲ್ಕಿಯ ಹಿತೈಷಿ’ ಎಂಬ ಹೆಸರಿನಲ್ಲಿ ಯಾರೋ, ‘ಇದು ನಮ್ಮ ಓಣಿಯ ಕಥೆ ಅಲ್ಲವೇ? ನಿಮ್ಮ ತಾಯಿಗೆ ಗೊತ್ತೇ?’ ಎಂದು ಕೇಳಿದರು. ಅವ್ವನಿಗೆ ಗೊತ್ತಿರಲಿಲ್ಲ. ಅವತ್ತೇ ನಲಿನಿ ಬ್ಲಾಗಿಗೆ ಒಳಗಿನಿಂದ ಚಿಲಕ ಹಾಕಿ, ತಾನೊಬ್ಬಳೇ ನೋಡುವ ಹಾಗೆ ಮಾಡಿಕೊಂಡಳು. ಯಾಕೆ ಮುಚ್ಚಿದಿರಿ ಎಂದು ಹನ್ನೊಂದರಲ್ಲಿ ಒಬ್ಬರೂ ಕೇಳಲಿಲ್ಲ. ಆದರೂ ನಲಿನಿ ಬರೆಯುವುದನ್ನು ಬಿಡಲಿಲ್ಲ, ರೂಢಿ ಬಿದ್ದಿದ್ದ ಆ ಕೊನೆಯ ಸಾಲನ್ನೂ ಬಿಡಲಿಲ್ಲ. ಕೆಫೆ ಮುಚ್ಚುವ ಹೊತ್ತಿಗೆ ಒಟ್ಟು ಇನ್ನೂರ ಹನ್ನೆರಡು ಬರಹಗಳಾಗಿದ್ದವು.

ಆಮೇಲೆ ಊರು ಬದಲಾಯಿತು. ಎಲ್ಲರ ಕೈಗೂ ಫೋನು ಬಂತು, ನಲಿನಿಯ ಕೈಗೂ ಬಂತು. ಅವಳಿಗೆ ಬೀದರಿನ ಹೊರಗಿನ ಕೊಳಾರದ ಬಿತ್ತನೆ ಬೀಜದ ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಸ್ಕ್ಯಾನರ್ ಹಿಡಿಯುವ ಕೆಲಸ ಸಿಕ್ಕಿತು. ಅವ್ವ ಈಗ ಯಾವಾಗ ಬೇಕಾದರೂ ಫೋನು ಮಾಡಬಹುದಿತ್ತು, ಮಾಡುತ್ತಲೂ ಇದ್ದಳು. ನಲಿನಿ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಹೂಂ ಹೂಂ ಎನ್ನುತ್ತ ಪಲ್ಯ ಹೆಚ್ಚುತ್ತಿದ್ದಳು. ಇಪ್ಪತ್ತೇ ನಿಮಿಷ ಇದ್ದಾಗ ಒಂದು ಮಾತೂ ತಪ್ಪಿಸಿಕೊಳ್ಳದೆ ಕೇಳುತ್ತಿದ್ದವಳು ಹೀಗೆ ಅರ್ಧ ಕಿವಿಯಲ್ಲಿ ಎಷ್ಟು ವರ್ಷ ಕಳೆದಳೋ. ಈಗ ಅದನ್ನು ನೆನೆದರೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬರುತ್ತದೆ.

ಯಾಕೆಂದರೆ ಕಳೆದ ದೀಪಾವಳಿ ಮುಗಿದ ವಾರ ಅವ್ವನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಮಗ ಪಂಢರಿ, ಅವನ ಹೆಂಡತಿ ಭಾಲ್ಕಿಯ ಮನೆಯಲ್ಲಿ ಅವಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿಕೊಂಡರು. ಮೂರು ತಿಂಗಳಿಗೆ ಗೋಡೆ ಹಿಡಿದು ನಡೆಯುವಂತಾದಳು. ಮಾತು ಮಾತ್ರ ಬರಲಿಲ್ಲ. ಬಂದವರೆಲ್ಲ ಅವಳ ಎದುರು ಕೂತು, “ಊಟ ಆಯ್ತಾ ಆಯೀ? ನಾ ಯಾರು ಹೇಳು?” ಎಂದು ತೊಟ್ಟಿಲ ಮಗುವಿಗೆ ಕೇಳಿದಂತೆ ಕೇಳುತ್ತಿದ್ದರು. ಇಡೀ ಓಣಿಯನ್ನು ಬಾಯಲ್ಲೇ ಆಳಿದ ಹೆಂಗಸು ಅದನ್ನು ಎಷ್ಟು ದಿನ ತಡೆದಾಳು? ಗೋಡೆಯ ಕಡೆ ಮುಖ ತಿರುಗಿಸಿ ಮಲಗತೊಡಗಿದಳು.

ಬೀದರಿನಲ್ಲಿ ಮಾತು ಕಲಿಸುವ ಡಾಕ್ಟರಮ್ಮ ಹೇಳಿದರು: “ಅವರಿಗೆ ಎಲ್ಲಾ ತಿಳೀತದರಿ. ಬ್ಯಾರೇದವರ ಮಾತು ಬ್ಯಾಡ, ಅವರದೇ ಹಳೀ ಮಾತು ಅವರ ಕಿವಿಗೆ ಬೀಳಲಿ. ಅವರು ಹ್ಯಾಂಗ ಅಂತಿದ್ರೋ ಹಾಂಗೇ ಅನ್ರಿ. ಒಂದೊಂದು ಸಲ ಅದೇ ದಾರಿ ಹಿಡ್ಕೊಂಡು ಮಾತು ಹೊರಗ ಬರ್ತದ.”

ಆ ಭಾನುವಾರ ನಲಿನಿ ಅವ್ವನ ಮಂಚದ ಮೇಲೆ ಕೂತು ಬಾಯಿ ತೆರೆದಳು. ಏನೂ ಬರಲಿಲ್ಲ. ಅವ್ವ ಏನು ಹೇಳುತ್ತಿದ್ದಳು ಎಂಬುದು ನೆನಪಿತ್ತು. ಹೇಗೆ ಹೇಳುತ್ತಿದ್ದಳು ಎಂಬುದು ಮರೆತುಹೋಗಿತ್ತು. ತಾಯಿಯ ಒಂದೇ ಒಂದು ಮಾತನ್ನೂ ಇದ್ದ ಹಾಗೆ ಒಪ್ಪಿಸಲು ಬಾರದ ಮಗಳು ತಾನು ಎಂದು ಅವಳಿಗೆ ಅಳು ಬಂತು. ಅಳುತ್ತಿರುವಾಗಲೇ ಬ್ಲಾಗು ನೆನಪಾಯಿತು. ಅಲ್ಲಿ ಇನ್ನೂರ ಹನ್ನೆರಡು ಬೆಳಗುಗಳಿದ್ದವು.

ಆದರೆ ಗುಪ್ತಪದ ಯಾರಿಗೆ ನೆನಪು? ಹಳೆಯ ಫೋನಿನಲ್ಲಿ ಬ್ಲಾಗು ತಾನಾಗಿಯೇ ತೆರೆಯುತ್ತಿತ್ತು. ಆ ಫೋನು ನೀರಿನ ಬಕೀಟಿಗೆ ಬಿದ್ದು ಸತ್ತದ್ದು ಎರಡು ವರ್ಷದ ಹಿಂದೆ, ಮಗಳು ಮಾನಸಿಯ ಕಾಲೇಜು ಪ್ರವೇಶದ ದಿನ, ಜೂನ್ ಹನ್ನೊಂದಕ್ಕೆ. ಎರಡು ವರ್ಷ ಯಾರೂ ಬಾಗಿಲು ತೆರೆಯದ ಖಾತೆಗಳನ್ನು ಕಂಪನಿಯವರು ಅಳಿಸಿಹಾಕುತ್ತಾರಂತೆ. ಇವತ್ತು ಮೇ ಇಪ್ಪತ್ತೈದು. ನಲಿನಿ ಹೊಸ ಫೋನಿನಲ್ಲಿ ಹತ್ತು ಸಲ ಪ್ರಯತ್ನಿಸಿದಳು. ‘47ರಲ್ಲಿ ಕೊನೆಯಾಗುವ ನಿಮ್ಮ ಸಂಖ್ಯೆಗೆ ಓಟಿಪಿ ಕಳಿಸುತ್ತೇವೆ’ ಎಂದು ಪರದೆ ವಿನಯದಿಂದ ಹೇಳಿತು. ನಲವತ್ತೇಳರಲ್ಲಿ ಕೊನೆಯಾಗುವ ಸಂಖ್ಯೆ ಅವಳ ಮನೆಯಲ್ಲಿ ಯಾರದ್ದೂ ಇರಲಿಲ್ಲ.

ಮರುದಿನ ಕೆಲಸ ಮುಗಿಸಿ, ಶೇರ್ ಆಟೋ ಇಳಿದು, ನೇರ ಅವತ್ತು ಖಾತೆ ತೆರೆದುಕೊಟ್ಟಿದ್ದ ಜಾವೀದನ ಬಳಿ ಹೋದಳು. ಅದೇ ಮಳಿಗೆ; ಕೆಫೆಯ ಬೋರ್ಡು ಹೋಗಿ ‘ಆನ್‌ಲೈನ್ ಅರ್ಜಿ, ಆಧಾರ್, ಫೋಟೋ’ ಎಂಬ ಬೋರ್ಡು ಬಂದಿತ್ತು. ಹೂವಿನ ಪರದೆ ಈಗ ಫೋಟೋ ತೆಗೆಯುವಾಗ ಹಿಂದೆ ಕಟ್ಟಲು ಉಪಯೋಗವಾಗುತ್ತಿತ್ತು. ಜಾವೀದನ ಗಡ್ಡ ಅರ್ಧ ನರೆತಿತ್ತು. ನಲವತ್ತೇಳು ಎಂದ ಕೂಡಲೇ ಅವನು ಹಣೆ ಚಚ್ಚಿಕೊಂಡ.

“ಅಯ್ಯೋ ಅಕ್ಕಾ, ಅದು ನಂದೇ ಹಳೀ ನಂಬರ್!”

“ನನ್ನ ಖಾತೇಕ ನಿಮ್ಮ ನಂಬರ್ ಯಾಕ ಹಾಕಿದ್ರಿ ಭಾಯಿ?”

“ಮತ್ತ ಯಾರದು ಹಾಕಲಿ ಅಕ್ಕಾ? ಆಗ ಹೆಣ್ಣುಮಕ್ಕಳ ಹಂತ್ಯಾಕ ಸ್ವಂತ ಫೋನ್ ಎಲ್ಲಿತ್ತು? ನಂಬರ್ ಹಾಕು ಅಂತ ಕಂಪ್ಯೂಟರ್ ಕೇಳ್ತಿತ್ತು. ಗಂಡಂದು ಹಾಕಂದ್ರ ಬ್ಯಾಡಂತಿದ್ರು, ಅಪ್ಪಂದು ಅಂದ್ರ ಎದ್ದೇ ಹೋಗ್ತಿದ್ರು. ನಂದೇ ಹಾಕ್ರಿ ಅಂದೆ. ನಿಮ್ಮದೊಂದೇ ಅಲ್ಲ, ಇನ್ನೂರು ಮಂದೀದು ಹಾಕೀನಿ. ಉಪಕಾರ ಅಂತ ತಿಳಿದಿದ್ದೆ.” ಅವನು ಕುರ್ಚಿಯಲ್ಲಿ ಕುಸಿದ. “ಧಂದಾ ಬಂದ್ ಆದಾಗ ಆ ಸಿಮ್ ಬಿಟ್ಟುಬಿಟ್ಟೆ. ಕಂಪನಿಯವರು ಯಾರಿಗೋ ಕೊಟ್ಟಿರ್ತಾರ.”

ಬೈಯಬೇಕೆಂದು ಬಂದವಳಿಗೆ ಬೈಯಲು ಮನಸ್ಸಾಗಲಿಲ್ಲ. ಅವನು ಹೇಳಿದ್ದು ನಿಜವೇ ಆಗಿತ್ತು. ಅವಳಿಗೂ ಆಗ ಗಂಡನ ನಂಬರು ಕೊಡಲು ಇಷ್ಟವಿರಲಿಲ್ಲ, ಕೊಡಲು ತನ್ನದೊಂದು ಇರಲಿಲ್ಲ. ಜಾವೀದ ಆ ಹತ್ತು ಅಂಕಿಗಳನ್ನು ಈಗಲೂ ನಿದ್ದೆಯಲ್ಲಿ ಎಬ್ಬಿಸಿದರೂ ಹೇಳಬಲ್ಲವನಾಗಿದ್ದ. ಬರೆದು ಕೊಟ್ಟ. ನಲಿನಿ ಅಂಗಡಿಯ ಮೆಟ್ಟಿಲ ಮೇಲೆ ನಿಂತೇ ಫೋನು ಮಾಡಿದಳು.

ಆ ಕಡೆ ಹೆಂಗಸಿನ ದನಿ, ಹಿಂದೆ ಗಿರಣಿಯ ಗಡಗಡ. ನಲಿನಿ ತನ್ನ ಹೆಸರು ಹೇಳಿದಳು, ಊರು ಹೇಳಿದಳು, “ನಿಮ್ಮ ಫೋನಿಗೆ ಒಂದು ಓಟಿಪಿ ಬರ್ತದರಿ, ಅದನ್ನ ಸ್ವಲ್ಪ...” ಎನ್ನುವಷ್ಟರಲ್ಲಿ ಆ ಕಡೆ ಗಿರಣಿಗಿಂತ ಜೋರು ಸದ್ದಾಯಿತು.

“ಬಂದ್ಯಾ? ಇವತ್ತ ಹೆಣ್ಣಿನ ದನಿ ಮಾಡ್ಕೊಂಡು ಬಂದ್ಯಾ? ನಾ ಡಾಬಕಾದ ಮಹಿಳಾ ಸಂಘದ ಅಧ್ಯಕ್ಷಿಣಿ ಇದ್ದೇನಿ, ತಿಳೀತಾ? ಪ್ರತಿ ಮಂಗಳವಾರ ಮೂವತ್ತು ಹೆಣ್ಮಕ್ಕಳ ಕೈ ಮುಂದ ಮಾಡಿಸಿ, ಓಟಿಪಿ ಯಾರಿಗೂ ಹೇಳಂಗಿಲ್ಲ ಅಂತ ಆಣಿ ಮಾಡಸ್ತೇನಿ. ನನ್ನ ಹಂತ್ಯಾಕೇ ಕೇಳ್ತಿ? ಇಡು ಫೋನು!”

ಜಾವೀದನಿಗೂ ಎಲ್ಲ ಕೇಳಿಸಿತ್ತು. ಇಂಥ ಖಡಕ್ ಹೆಂಗಸರು ಊರಿಗೊಬ್ಬರಿದ್ದರೆ ಕಳ್ಳರು ಉಪವಾಸ ಬೀಳುತ್ತಾರೆ ಎಂದು ನಲಿನಿಗೆ ಅನಿಸಿತು. ಆದರೆ ತಾನು ಕಳ್ಳಿಯಲ್ಲ ಎಂದು ತೋರಿಸುವುದು ಹೇಗೆ? ಬ್ಲಾಗು ಅವಳದ್ದೇ, ಮಾತು ಅವಳ ತಾಯಿಯದ್ದೇ, ಕೀಲಿಕೈ ಮಾತ್ರ ಔರಾದ ತಾಲೂಕಿನ ಗಡಿಯಲ್ಲಿ ಗೊತ್ತಿಲ್ಲದ ಹೆಂಗಸಿನ ಹತ್ತಿರವಿತ್ತು. ಫೋನಿನಲ್ಲಿ ಆಗದ್ದು ಮುಖ ತೋರಿಸಿದರೆ ಆದೀತು ಎಂದುಕೊಂಡಳು.

ಭಾನುವಾರ ಜೂನ್ ಒಂದು. ಬೀದರಿನಿಂದ ಔರಾದಿಗೆ ಹೊರಟ ಬಸ್ಸಿನಲ್ಲಿ ಕಂಡಕ್ಟರು ಆಧಾರ್ ನೋಡಿ ಸೊನ್ನೆಯ ಟಿಕೆಟು ಹರಿದು ಕೊಟ್ಟ. ಜನವಾಡ ದಾಟಿದ ಮೇಲೆ ಕಿಟಕಿಯಿಂದ ಬಿಸಿಗಾಳಿ ಹೊಡೆಯತೊಡಗಿತು. ಅಕ್ಕಪಕ್ಕದವರೆಲ್ಲ ತಂತಮ್ಮ ಫೋನಿನಲ್ಲಿ ಮುಳುಗಿದ್ದರು. ಒಬ್ಬ ಮುದುಕ ಅಡುಗೆ ಮಾಡುವ ವಿಡಿಯೋ ನೋಡುತ್ತಿದ್ದ, ಒಬ್ಬಳು ಮರಾಠಿಯಲ್ಲಿ ಯಾರನ್ನೋ ಸಮಾಧಾನ ಮಾಡುತ್ತಿದ್ದಳು. ಗ್ಯಾಸಿಗೆ ನಂಬರು, ರೇಷನ್ನಿಗೆ ನಂಬರು, ಆಸ್ಪತ್ರೆಯ ಚೀಟಿಗೆ ನಂಬರು. ನೀನು ಯಾರು ಎಂದು ಈಗ ಯಾರೂ ಕೇಳುವುದಿಲ್ಲ, ನಿನ್ನ ನಂಬರು ಯಾವುದು ಎಂದೇ ಕೇಳುತ್ತಾರೆ. ಬ್ಲಾಗಿದ್ದಿದ್ದರೆ ಇದನ್ನು ಬರೆಯಬಹುದಿತ್ತು ಎಂದುಕೊಂಡಳು. ಎಷ್ಟೋ ವರ್ಷದ ಮೇಲೆ ಅವಳಿಗೆ ಬರೆಯುವ ಆಸೆ ಹುಟ್ಟಿತ್ತು.

ಔರಾದಿನಲ್ಲಿ ಬಸ್ಸು ಬದಲಿಸಿ ಡಾಬಕಾಕ್ಕೆ ಬಂದಾಗ ಹನ್ನೊಂದು ಗಂಟೆ. ಗಿರಣಿ ಹುಡುಕುವುದು ಕಷ್ಟವಾಗಲಿಲ್ಲ, ಸದ್ದು ಕೇಳುತ್ತ ಹೋದರೆ ಸಾಕಿತ್ತು. ಹುಬ್ಬಿನ ಮೇಲೆಲ್ಲ ಜೋಳದ ಹಿಟ್ಟು ಹಾರಿಸಿಕೊಂಡ, ಐವತ್ತರ ಆಸುಪಾಸಿನ ಗಟ್ಟಿ ಹೆಂಗಸೊಬ್ಬಳು ಡಬ್ಬಿಗೆ ಹಿಟ್ಟು ತುಂಬುತ್ತಿದ್ದಳು.

“ಯಾರ್ರಿ?”

“ಸೋಮವಾರ ಫೋನ್ ಮಾಡಿದ್ದೆನಲ್ರಿ. ಬೀದರಿನ ನಲಿನಿ.”

ಆ ಹೆಂಗಸು, ಸಿದ್ದೇಶ್ವರಿ, ಗಿರಣಿ ನಿಲ್ಲಿಸಿದಳು. ಮೇಲಿನಿಂದ ಕೆಳಗಿನ ತನಕ ನೋಡಿದಳು. “ಫೋನಿನ್ಯಾಗ ಆಗಲಿಲ್ಲಂತ ಮನೀಗೇ ಬಂದ್ರಿ? ಭಾಳ ಧೈರ್ಯ ಬಿಡ್ರಿ ನಿಮಗ.”

“ಕಳ್ಳರು ಸರ್ಕಾರಿ ಬಸ್ಸಿನ್ಯಾಗ ಬರ್ತಾರೇನ್ರಿ?”

“ಈಗಿನ ಕಾಲದಾಗ ಅದನ್ನೂ ಹೇಳಲಿಕ್ಕೆ ಬರಂಗಿಲ್ಲ,” ಎಂದಳು. ಆದರೂ ಬಿಸಿಲಲ್ಲಿ ಬಂದವರಿಗೆ ನೀರು ಕೊಡದೆ ಇರುವುದು ಅವಳಿಂದಾಗಲಿಲ್ಲ. ತಂಬಿಗೆ ಕೊಟ್ಟು, ಗೋಧಿಯ ಚೀಲ ತೋರಿಸಿ ಕೂರಲು ಹೇಳಿದಳು.

ನಲಿನಿ ಮೊದಲಿನಿಂದ ಹೇಳಿದಳು. ಗಂಡನ ಫೋನಿನ ಇಪ್ಪತ್ತು ನಿಮಿಷ, ಹೂವಿನ ಪರದೆ, ಜಾವೀದನ ನಂಬರು, ಅವ್ವನ ಬಾಯಿ ನಿಂತದ್ದು, ಜೂನ್ ಹನ್ನೊಂದು. ಸಿದ್ದೇಶ್ವರಿ ಸೆರಗಿನಲ್ಲಿ ಹುಬ್ಬು ಒರೆಸಿಕೊಳ್ಳುತ್ತ ಕೇಳಿದಳು.

“ಆರು ವರ್ಷ ಆತ್ರಿ ಈ ಸಿಮ್ ತಗೊಂಡು,” ಎಂದಳು ಆಮೇಲೆ. “ಮೊದಲನೇ ದಿನದಿಂದ ಓಟಿಪಿ ಬರ್ತಾವ. ಜೂನ್ ತಿಂಗಳ ಬಂತಂದ್ರ ದಿನಕ್ಕ ನಾಕು, ಐದು. ಯಾವನೋ ಹೊಂಚು ಹಾಕ್ಯಾನ, ನನ್ನ ಖಾತಿ ಒಡಿಲಿಕ್ಕೆ ಅಂತ ಅಂಜಿ ಸತ್ತೀನಿ. ಬ್ಯಾಂಕಿಗೆ ಓಡೀನಿ. ಯಾರಿಗೂ ಹೇಳಬ್ಯಾಡ್ರಿ ಅಂದ್ರು ಅವರು. ಅವತ್ತಿಂದನೇ ನಾ ಸಂಘದಾಗ ಆಣಿ ಸುರು ಮಾಡಿದ್ದು.”

“ಜೂನ್ ತಿಂಗಳಾಗ ಸಾಲಿ, ಕಾಲೇಜು ಸುರು ಆಗ್ತಾವಲ್ರಿ. ಹಳೀ ಮೇಲ್‌ದಾಗ ಇದ್ದ ಕಾಗದ ಬೇಕಾಗ್ತಾವ. ಬೀದರಿನ ಹೆಣ್ಮಕ್ಕಳು ತಮ್ಮ ತಮ್ಮ ಖಾತಿ ತೆಗಿಲಿಕ್ಕೆ ನೋಡ್ತಾರ.”

ಸಿದ್ದೇಶ್ವರಿ ಕೈಯಲ್ಲಿದ್ದ ಫೋನನ್ನು ತಿರುಗಿಸಿ ನೋಡಿದಳು. “ಅಂದ್ರ ಇಷ್ಟು ದಿನ ಬಾಗಿಲ ಬಡದವರು ಕಳ್ಳರಲ್ಲ?”

“ಅಲ್ರಿ. ಅವರವರ ಮನೀ ಹೊರಗ ನಿಂತವರು.”

ಆದರೆ ಸಂಘದ ಅಧ್ಯಕ್ಷಿಣಿ ಅಷ್ಟಕ್ಕೇ ಕರಗುವವಳಲ್ಲ. “ನಿಮ್ಮವ್ವನ್ನ ತೋರಿಸ್ರಿ,” ಎಂದಳು.

ಡಾಬಕಾದಲ್ಲಿ ನೆಟ್‌ವರ್ಕು ಸರಿಯಾಗಿ ಸಿಗುವುದು ಗಿರಣಿಯ ಹಿಂದಿನ ಬೇವಿನ ಮರದ ಬುಡದಲ್ಲಿ ಮಾತ್ರ. ಎರಡು ಹೆಜ್ಜೆ ಆಚೆ ಹೋದರೆ ಫೋನು ಮಹಾರಾಷ್ಟ್ರಕ್ಕೆ ಸ್ವಾಗತ ಎನ್ನುತ್ತದೆ. ಇಬ್ಬರೂ ಅಲ್ಲಿ ನಿಂತು ಭಾಲ್ಕಿಗೆ ವಿಡಿಯೋ ಕಾಲ್ ಹಚ್ಚಿದರು. ಪಂಢರಿ ಎತ್ತಿದ. ಅಕ್ಕನ ಪಕ್ಕ ಹಿಟ್ಟಿನ ಮುಖದ ಹೆಂಗಸನ್ನು ಕಂಡು ಗಾಬರಿಯಾದರೂ ಏನೂ ಕೇಳದೆ ಫೋನನ್ನು ಅವ್ವನ ಮುಂದೆ ಹಿಡಿದ. ಗೋಡೆಯ ಕಡೆಯಿದ್ದ ಮುಖ ನಿಧಾನವಾಗಿ ತಿರುಗಿತು.

ಸಿದ್ದೇಶ್ವರಿ ಊಟ ಆಯ್ತಾ ಎಂದು ಕೇಳಲಿಲ್ಲ. ಪಂಚಾಯಿತಿಯಲ್ಲಿ ಸಾಕ್ಷಿ ಕೇಳುವ ದನಿಯಲ್ಲಿ ಕೇಳಿದಳು: “ಬಾಯಾರ, ನಮಸ್ಕಾರ್ರಿ. ಇಕಿ ನಿಮ್ಮ ಮಗಳು ಅಂತ ಹೇಳ್ತಾಳ. ಖರೇನೋ ಸುಳ್ಳೋ?”

ಅವ್ವ ಪರದೆಯಲ್ಲಿ ನಲಿನಿಯನ್ನು ನೋಡಿದಳು. ಹಣೆ ಗಂಟಿಕ್ಕಿತು. ಎಡಗೈ ಎತ್ತಿ ಮೊದಲು ತನ್ನ ತಲೆ ಮುಟ್ಟಿಕೊಂಡಳು, ಆಮೇಲೆ ಸೆರಗು ಎಳೆದು ತೋರಿಸಿದಳು, ಕೊನೆಗೆ ಅದೇ ಕೈಯನ್ನು ಕಪಾಳಕ್ಕೆ ಬಾರಿಸುವವಳಂತೆ ಬೀಸಿದಳು. ಅಷ್ಟರಲ್ಲಿ ಚಿತ್ರ ನಿಂತುಹೋಯಿತು.

ಸಿದ್ದೇಶ್ವರಿ ಬಿದ್ದು ಬಿದ್ದು ನಕ್ಕಳು. “ಇಂಥ ಬಿಸಿಲಾಗ ತಲಿ ಮ್ಯಾಲ ಸೆರಗಿಲ್ಲದ ನಿಂತೀಯಲ್ಲ, ಒಂದು ಕೊಡ್ತೇನಿ ನೋಡು ಅಂತಾರ! ಇದಕ್ಕಿಂತ ದೊಡ್ಡ ಆಧಾರ್ ಕಾರ್ಡು ಯಾವುದ್ರಿ?”

ನಲಿನಿಯೂ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಏಳು ತಿಂಗಳಿಂದ ಅವ್ವನಿಗೆ ಮಾತಿಲ್ಲ ಎಂದು ಮನೆಮಂದಿಯೆಲ್ಲ ಅಳುತ್ತಿದ್ದರು. ಗುರುತು ಪರಿಚಯವಿಲ್ಲದ ಈ ಹೆಂಗಸು ಒಂದು ಪ್ರಶ್ನೆ ನೆಟ್ಟಗೆ ಕೇಳಿ, ಒಂದಿಡೀ ಬೈಗುಳ ತೆಗೆಸಿದ್ದಳು.

“ಆದ್ರ ಒಂದು ಮಾತು,” ಸಿದ್ದೇಶ್ವರಿ ಬೆರಳೆತ್ತಿದಳು. “ಆಣಿ ಅಂದ್ರ ಆಣಿ. ನಂಬರ್ ನಾ ಬಾಯಿ ಬಿಟ್ಟು ಹೇಳಂಗಿಲ್ಲ, ನಿಮಗ ತೋರಸಂಗೂ ಇಲ್ಲ.”

ನಲಿನಿಯ ಮುಖ ಇಳಿಯಿತು.

“ನಿಮ್ಮ ಫೋನ್ ಈ ಕಡೆ ಕೊಡ್ರಿ. ನಾನೇ ಒತ್ತತೇನಿ. ಒತ್ತಬಾರದು ಅಂತ ಆಣಿ ಮಾಡಿಲ್ಲ.”

ಓಟಿಪಿ ಬಂತು. ಸಿದ್ದೇಶ್ವರಿ ನಲಿನಿಗೆ ಬೆನ್ನು ಮಾಡಿ ನಿಂತು, ತನ್ನ ಫೋನನ್ನು ಎದೆಗವಚಿಕೊಂಡು, ಒಂದೊಂದೇ ಅಂಕಿ ನೋಡಿ ಒತ್ತಿದಳು. ಹಿಟ್ಟು ಹತ್ತಿದ ಬೆರಳಿಗೆ ಪರದೆ ಸರಿಯಾಗಿ ಒಲಿಯಲಿಲ್ಲ. ಕೆಂಪು ಅಕ್ಷರ ಮೂಡಿತು: ಸಂಖ್ಯೆ ತಪ್ಪಾಗಿದೆ, ಇನ್ನೊಂದು ಅವಕಾಶ ಮಾತ್ರ ಉಳಿದಿದೆ. ಸಿದ್ದೇಶ್ವರಿ ಒಳಗೆ ಹೋಗಿ ಸಾಬೂನು ಹಚ್ಚಿ ಕೈ ತೊಳೆದು, ಒರೆಸಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿಕೊಂಡು ಬಂದಳು. ಎರಡನೆಯ ಸಲ ಓಟಿಪಿ ಬರಲು ನಾಲ್ಕು ನಿಮಿಷ ಹಿಡಿಯಿತು. ಆರು ಅಂಕಿಗಳನ್ನು ಒತ್ತುವಾಗ ಅವಳು ಉಸಿರು ಬಿಗಿಹಿಡಿದದ್ದು ಬೆನ್ನಿನಿಂದಲೇ ಗೊತ್ತಾಗುತ್ತಿತ್ತು.

“ತಗೋರಿ,” ಎಂದು ಫೋನು ಚಾಚಿದಳು.

‘ಬೆಳಗಿನ ಫೋನು’ ತೆರೆದಿತ್ತು. ಹಳೆಯ ನೀಲಿ ಬಣ್ಣ, ಜಾವೀದ ಹಾಕಿಕೊಟ್ಟ ಬೀದರ ಕೋಟೆಯ ಮಸುಕು ಚಿತ್ರ, ಕೆಳಗೆ ಸಾಲುಸಾಲು ಶೀರ್ಷಿಕೆಗಳು. ಇನ್ನೂರ ಹನ್ನೆರಡೂ ಇದ್ದವು. ನಲಿನಿ ಸೆರಗಿನ ತುದಿಯನ್ನು ಕಣ್ಣಿಗೆ ಒತ್ತಿಕೊಂಡಳು.

“ಅಳೋದು ಆಮ್ಯಾಲ,” ಎಂದಳು ಸಿದ್ದೇಶ್ವರಿ. “ಮೊದಲ ನನ್ನ ನಂಬರ್ ತೆಗೆದು ನಿಮ್ಮದು ಹಾಕ್ರಿ. ಗಂಡಂದಲ್ಲ, ಮಗಳದಲ್ಲ. ನಿಮ್ಮದು.” ನಲಿನಿ ಹಾಕುವ ತನಕ ಪಕ್ಕದಲ್ಲೇ ನಿಂತು ನೋಡಿದಳು. ಆಮೇಲೆ ಗಿರಣಿಯ ಕಡೆ ಹೊರಟವಳು ಹಿಂದಿರುಗಿ ನೋಡಿ, “ಆ ಜಾವೀದಗ ಹೇಳ್ರಿ, ಶುಕ್ರವಾರ ಗಿರಣಿ ಬಂದ್ ಇರ್ತದ. ಉಳಿದ ಹೆಣ್ಮಕ್ಕಳನ್ನ ಕರ್ಕೊಂಡು ಬಾ ಅಂತ. ಒತ್ತೋದು ಮಾತ್ರ ನಾನೇ,” ಎಂದಳು.

ದಾರಿಯಲ್ಲಿ ನಲಿನಿ ಜಾವೀದನಿಗೆ ಫೋನು ಮಾಡಿ ಹೇಳಿದಳು. “ಇವತ್ತೇ ಅಂಗಡೀ ಮುಂದ ಬೋರ್ಡ್ ಹಾಕ್ತೇನಿ ಅಕ್ಕಾ,” ಎಂದ.

ಬೀದರಿಗೆ ತಿರುಗಿ ಹೋಗದೆ ಔರಾದಿನಿಂದಲೇ ಭಾಲ್ಕಿಯ ಬಸ್ಸು ಹಿಡಿದಳು. ಬಸ್ಸಿನಲ್ಲಿ ಒಂದನ್ನೂ ಓದಲಿಲ್ಲ. ಮೊದಲು ಅವ್ವನೇ ಕೇಳಲಿ ಎಂದು ಫೋನನ್ನು ಚೀಲದೊಳಗೆ ಹಾಕಿಟ್ಟಳು. ಮನೆ ತಲುಪಿದಾಗ ಐದು ಗಂಟೆ. ಅವ್ವ ಎಂದಿನಂತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಪಂಢರಿಯ ಹೆಂಡತಿ ಚಹಾ ತಂದಿಟ್ಟು ಬಾಗಿಲ ಬಳಿ ನಿಂತಳು. ನಲಿನಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮಂಚದ ಅಂಚಿಗೆ ಕೂತಳು.

“ಅವ್ವಾ, ನಾ ಒಂದು ತಪ್ಪು ಮಾಡೀನಿ. ಹಿಂದಕ ನೀ ಮುಂಜಾನೆ ಫೋನಿನ್ಯಾಗ ಹೇಳಿದ್ದೆಲ್ಲಾ, ನಿನಗ ಹೇಳಲಾರದ ಬರೆದಿಟ್ಟೀನಿ. ಈಗ ಓದ್ತೇನಿ. ಬೈಯೋದಿದ್ರ ಬೈ.”

ನಲಿನಿ ಮೊಟ್ಟಮೊದಲನೆಯದನ್ನು ತೆರೆದಳು.

“‘ಇವತ್ತ ಬಿಸಿಲು ಭಾಳ ಅದ ನಲೂ. ಕೊಡದಾಗಿನ ನೀರಿಗೆ ಸೈತ ಜ್ವರ ಬಂದಂಗ ಆಗ್ಯದ. ಪಂಢರಿ ಹೊಸಾ ಫ್ಯಾನ್ ತಂದಾನ. ಗಾಳಿ ಕಡಿಮಿ, ಗದ್ದಲ ಜಾಸ್ತಿ. ನಿಮ್ಮಪ್ಪ ತಿರುಗಿ ಬಂದಂಗ ಆತು ನೋಡು.’”

ಬಾಗಿಲ ಬಳಿ ಸೊಸೆ ಸೆರಗು ಬಾಯಿಗಿಟ್ಟು ನಕ್ಕಳು. ಅವ್ವನ ಭುಜ ಅಲುಗಿತು. ನಿಧಾನವಾಗಿ ಹೊರಳಿ ಈ ಕಡೆ ತಿರುಗಿದಳು, ಕಣ್ಣುಗಳು ಅಗಲವಾಗಿದ್ದವು. ಎಲ್ಲೋ ಕಳೆದುಕೊಂಡ ತನ್ನ ಸಾಮಾನನ್ನು ಮಗಳ ಕೈಯಲ್ಲಿ ಕಂಡವಳಂತೆ ಫೋನನ್ನೇ ನೋಡಿದಳು. ನಲಿನಿ ಕೊನೆಯ ಸಾಲು ಓದಿದಳು: “‘ಆದರೂ ಬಿಸಿಲು ಕೂಡ ದೇವರು ಕೊಟ್ಟ ವರವೇ ಮಗಳೇ.’” ಅವ್ವನ ಹುಬ್ಬು ಗಂಟಿಕ್ಕಿತು. ನಲಿನಿ ಅದನ್ನು ಅಷ್ಟಾಗಿ ಗಮನಿಸದೆ ಎರಡನೆಯದಕ್ಕೆ ಹೋದಳು.

ಅದು ಬಟ್ಟೆ ಒಣಗಿಸುವ ಹಗ್ಗದ ಜಗಳ. ಪಕ್ಕದ ಮನೆಯ ಇಂದಿರಾಬಾಯಿ ಅವ್ವನ ಗೋಡೆಯ ಮೊಳೆಗೆ ಹಗ್ಗ ಕಟ್ಟಿದ್ದಳು, ಅವ್ವ ಕುಡಗೋಲು ತಂದು ಕತ್ತರಿಸಿದ್ದಳು, ಅವಳ ಒದ್ದೆ ಸೀರೆಗಳೆಲ್ಲ ಮಣ್ಣುಪಾಲಾಗಿದ್ದವು. ಇಪ್ಪತ್ತು ದಿನ ಇಬ್ಬರಿಗೂ ಮಾತಿರಲಿಲ್ಲ. ನಲಿನಿ ಓದುತ್ತ ಹೋದಂತೆ ಅವ್ವನ ಮುಖದಲ್ಲಿ ಹಳೆಯ ಕಳೆ ಏರುತ್ತಿತ್ತು. ಕುಡಗೋಲು ಬಂದ ಕಡೆ ಎಡಗೈಯ ಬೆರಳುಗಳು ತಾವಾಗಿಯೇ ಮಡಚಿಕೊಂಡವು.

“‘ಕೊನೆಗೆ ನಾನೇ ಅವಳ ಮನೆಗೆ ಹೋಗಿ, ಕೈ ಹಿಡಿದು, ತಪ್ಪು ನನ್ನದೇ ಕ್ಷಮಿಸು ಎಂದೆ ಮಗಳೇ. ನೆರೆಮನೆಯವರ ಮೇಲೆ ಸಿಟ್ಟಿಟ್ಟುಕೊಂಡು ಏನು ಮಾಡುವುದು?’”

“ಸುಳ್ಳ!”

ಚಹಾದ ಕಪ್ಪು ಎತ್ತಿಕೊಳ್ಳಲು ಬಂದಿದ್ದ ಸೊಸೆಯ ಕೈ ಅಲ್ಲೇ ನಿಂತಿತು. ಪಂಢರಿ ಅಂಗಳದಿಂದ ಓಡಿ ಬಂದ. ಅವ್ವ ಎದ್ದು ಕೂರಲು ಹವಣಿಸುತ್ತಿದ್ದಳು, ಕೆನ್ನೆ ಕೆಂಪಗಾಗಿತ್ತು. ಏಳು ತಿಂಗಳ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು ಅದು.

ಹೌದು, ಸುಳ್ಳೇ. ನಲಿನಿಗೆ ಅದು ಈಗ ನೆನಪಾಯಿತು. ಅದು ಅವ್ವನ ಮಾತಲ್ಲ. ದುಬೈಯವರು ಮೆಚ್ಚಲಿ ಎಂದು ಪರದೆಯ ಹಿಂದೆ ಕೂತು ತಾನೇ ಹೆಣೆದದ್ದು. ಭಾಗೀರಥಿಬಾಯಿ ಹುಟ್ಟಿದಾರಭ್ಯ ಯಾರ ಮನೆಗೂ ಹೋಗಿ ಕ್ಷಮೆ ಕೇಳಿದವಳಲ್ಲ.

“ಸುಳ್ಳವ್ವ, ಖರೇ ಸುಳ್ಳು. ನಾನೇ ಸೇರಿಸಿದ್ದು.” ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ. “ಮತ್ತ ಏನಾಗಿತ್ತು? ನೀ ಹೇಳು. ನಾ ತಿದ್ದತೇನಿ.”

ಅವ್ವ ಬಾಯಿ ತೆರೆದಳು. ಏನೋ ಒಂದು ಸದ್ದು ಬಂದು ಗಂಟಲಲ್ಲೇ ನಿಂತಿತು. ಎಡಗೈಯಿಂದ ಮಂಚ ಗುದ್ದಿದಳು. ಪಂಢರಿ ಏನೋ ಹೇಳಿಕೊಡಲು ಹೋದ. ನಲಿನಿ ಕೈ ಎತ್ತಿ ತಡೆದಳು. ಫೋನಿನಲ್ಲಿ ಆ ಕೊನೆಯ ಸಾಲುಗಳನ್ನು ಅಳಿಸಿ, ಖಾಲಿ ಜಾಗವನ್ನು ಅವ್ವನ ಕಣ್ಣಿಗೆ ಕಾಣುವಂತೆ ಹಿಡಿದು ಕಾದಳು. ಇಪ್ಪತ್ತು ನಿಮಿಷವಾದರೂ ಸರಿ, ಎರಡು ತಾಸಾದರೂ ಸರಿ, ಈ ಸಲ ಅವಳಿಗೆ ಪಲ್ಯ ಹೆಚ್ಚುವುದಿರಲಿಲ್ಲ.

“ಆ... ಆಕಿ,” ಎಂದಳು ಅವ್ವ. ಬೆರಳು ಪಕ್ಕದ ಮನೆಯ ಗೋಡೆ ತೋರಿಸಿತು, ಅಲ್ಲಿಂದ ತಮ್ಮದೇ ಹೊಸ್ತಿಲಿಗೆ ಬಂತು. “ಬಂ... ಬಂದ್ಲು.”

ನಲಿನಿ ಅವ್ವ ಅಂದ ಹಾಗೆಯೇ ಬರೆದಳು. ಗಟ್ಟಿಯಾಗಿ ಓದಿ ತೋರಿಸಿದಳು: “ಆಕಿ ಬಂದ್ಲು.” ಅವ್ವ ಗೆದ್ದವಳ ಗತ್ತಿನಲ್ಲಿ ದಿಂಬಿಗೆ ಒರಗಿದಳು. ಒಂದು ಗಳಿಗೆ ಸುಧಾರಿಸಿಕೊಂಡು, ಫೋನಿನ ಕಡೆ ಗಲ್ಲ ಎತ್ತಿ, ಮುಂದಿನದು ಓದು ಎಂದು ಸನ್ನೆ ಮಾಡಿದಳು.

ಮುಂದಿನದರ ಕೊನೆಗೂ ನಲಿನಿಯದೊಂದು ಸಾಲಿತ್ತು. ಅದರ ಮುಂದಿನದರ ಕೊನೆಗೂ ಇತ್ತು. ಇನ್ನೂರ ಹತ್ತು ಬರಹ ಉಳಿದಿದ್ದವು, ಇನ್ನೂರ ಹತ್ತರಲ್ಲೂ ಅವ್ವ ಅಲ್ಲವೆಂದು ಜಗಳಕ್ಕೆ ಬರುವಂಥ ಒಂದೊಂದು ಸುಳ್ಳಿತ್ತು. ತಾನು ಅಷ್ಟು ಸುಳ್ಳು ಬರೆದದ್ದಕ್ಕೆ ನಲಿನಿಗೆ ಬದುಕಿನಲ್ಲಿ ಮೊದಲ ಸಲ ಸಂತೋಷವಾಯಿತು. ಅವಳು ಗಂಟಲು ಸರಿಮಾಡಿಕೊಂಡು ಮೂರನೆಯದನ್ನು ಓದತೊಡಗಿದಳು.